ಮ್ಯಾಟ್ ಕ್ಲಬ್ಬಿನ ಕೊನೆಯ ಚಳಿಗಾಲ

ಹೋದ ತಿಂಗಳು ಚಿಂತಾಮಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ ಜೋರು ಮಳೆ ಬಂತು. ಓಡಿಹೋಗಿ ಒಂದು ಹಾಸಿಗೆ ಅಂಗಡಿಯ ಮುಂದೆ ನಿಂತೆ. ಅಂಗಡಿಯವರು ಲಾರಿಯಿಂದ ತೆಂಗಿನ ನಾರಿನ ಸುರುಳಿಗಳನ್ನು ಇಳಿಸುತ್ತಿದ್ದರು. ಟಾರ್ಪಾಲು ಸರಿಯಾಗಿ ಮುಚ್ಚದೆ ಎರಡು ಸುರುಳಿ ತೊಯ್ದು ತೊಪ್ಪೆಯಾಗಿದ್ದವು. ನೆನೆದ ನಾರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಐವತ್ತರ ಹತ್ತಿರ ಬಂದವನಿಗೆ ಎದೆ ಹೊಡೆದುಕೊಂಡರೆ ಡಾಕ್ಟರ ಬಳಿ ಹೋಗಬೇಕು. ನಾನು ಚಿಕ್ಕಬಳ್ಳಾಪುರಕ್ಕೆ ಟಿಕೆಟ್ ತೆಗೆಸಿ, ಅಲ್ಲಿಯವರೆಗೂ ಹೋಗದೆ ಶಿಡ್ಲಘಟ್ಟದಲ್ಲಿ ಇಳಿದುಬಿಟ್ಟೆ. ಹನ್ನೆರಡು ವರ್ಷದಿಂದ ಹೇಳಬೇಕಾಗಿದ್ದ ಒಂದು ಮಾತು ಹಳೇ ಗೆಳೆಯ ನಯಾಜನ ಹತ್ತಿರ ಬಾಕಿ ಇತ್ತು.

ಅದು ಯಾವ ಮಾತು ಎಂದು ತಿಳಿಯಬೇಕಾದರೆ ಮ್ಯಾಟ್ ಕ್ಲಬ್ಬಿನ ಕೊನೆಯ ಚಳಿಗಾಲದ ಕಥೆ ಹೇಳಬೇಕು.

ಶಿಡ್ಲಘಟ್ಟದಲ್ಲಿ ಆಗ ಟೆನಿಸ್ ಬಾಲ್ ತಂಡಗಳು ಬೀದಿಗೊಂದಿದ್ದವು. ತೊಗಲಿನ ಚೆಂಡಿನಲ್ಲಿ, ನೆಲದ ಮೇಲೆ ನಾರಿನ ಮ್ಯಾಟ್ ಹಾಸಿ ಆಡುತ್ತಿದ್ದದ್ದು ನಮ್ಮ ಕ್ಲಬ್ಬೊಂದೇ. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿತ್ತು. ಊರಿನವರು ಮ್ಯಾಟ್ ಕ್ಲಬ್ ಎಂದೇ ಕರೆಯುತ್ತಿದ್ದರು. ನಾನು ಹುಟ್ಟುವ ಮೊದಲೇ ರೇಷ್ಮೆ ನೂಲು ತೆಗೆಯುವ ಕೆಲವು ರೀಲರುಗಳು, ಇಬ್ಬರು ಮೇಷ್ಟ್ರುಗಳು ಮತ್ತು ಒಬ್ಬ ಜವಳಿ ಅಂಗಡಿಯವರು ಸೇರಿ ಶುರುಮಾಡಿದ್ದು. ಮೊದಲ ಮ್ಯಾಟು ಬೆಂಗಳೂರಿನ ಯಾವುದೋ ಹಳೇ ಕ್ಲಬ್ಬು ಬೇಡವೆಂದು ಬಿಸಾಡಿದ್ದಂತೆ. ಅದು ರೇಷ್ಮೆಗೂಡಿನ ಖಾಲಿ ಬುಟ್ಟಿಗಳ ಲಾರಿಯ ಮೇಲೆ ಮೆರವಣಿಗೆಯಲ್ಲಿ ಬಂದಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದರು.

ನಮ್ಮಪ್ಪ ಮುನಿವೆಂಕಟಪ್ಪ. ಶಾಲೆಯಲ್ಲಿ ಜವಾನರಾಗಿದ್ದವರು. ನಮ್ಮ ಮನೆಯವರೆಲ್ಲ ಬುದ್ಧನ ದಾರಿ ಹಿಡಿದ ಮೇಲೆ ಹುಟ್ಟಿದ ಮಗನೆಂದು ನನಗೆ ಗೌತಮ ಎಂದು ಹೆಸರಿಟ್ಟರು. ಕ್ಲಬ್ಬಿನ ಮೊದಮೊದಲ ದಿನಗಳಲ್ಲಿ ಅಪ್ಪನಿಗೆ ಕೊಟ್ಟ ಕೆಲಸ ಮ್ಯಾಟ್ ಹೊರುವುದು, ಹಾಸುವುದು, ಮೊಳೆ ಹೊಡೆಯುವುದು, ಸಂಜೆ ಸುತ್ತಿಡುವುದು. ಬ್ಯಾಟು ಮಾತ್ರ ಕೈಗೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಓದುವವರಿಗೆ ಗೊತ್ತಾಗುತ್ತದೆ.

ನಮ್ಮ ಕಡೆಯ ಕೆಳಗಿನ ಡಿವಿಜನ್ ಪಂದ್ಯಗಳಿಗೆ ಹೊರಗಿನಿಂದ ಅಂಪೈರುಗಳು ಬರುತ್ತಿರಲಿಲ್ಲ. ಯಾರು ಬ್ಯಾಟ್ ಮಾಡುತ್ತಾರೋ ಆ ತಂಡದವರೇ ಇಬ್ಬರು ಅಂಪೈರಾಗಿ ನಿಲ್ಲಬೇಕು. ಇದು ಇಂದಿಗೂ ಎಷ್ಟೋ ಕಡೆ ನಡೆಯುವ ಪದ್ಧತಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಒಂದು ದಿನ ಅಂಪೈರಿಗೆ ಜನ ಸಾಲದೆ ಅಪ್ಪನಿಗೆ ಬಿಳಿ ಕೋಟು ತೊಡಿಸಿ ನಿಲ್ಲಿಸಿದರು. ಅಪ್ಪ ಎರಡನೇ ಓವರಿನಲ್ಲೇ ನಮ್ಮ ಆಗಿನ ಕ್ಯಾಪ್ಟನ್ನನ್ನು ಸೊನ್ನೆಗೆ ಎಲ್‌ಬಿಡಬ್ಲ್ಯು ಕೊಟ್ಟರು. ಇಡೀ ಮೈದಾನ ಬಾಯಿಬಿಟ್ಟುಕೊಂಡು ನಿಂತಿತಂತೆ. ಅಲ್ಲಿಂದಾಚೆಗೆ ಗೌರಿಬಿದನೂರಿನವರಾಗಲಿ ಚಿಂತಾಮಣಿಯವರಾಗಲಿ ನಮ್ಮೂರಿಗೆ ಆಡಲು ಬಂದರೆ ಮೊದಲು ಕೇಳುತ್ತಿದ್ದದ್ದು, "ಮುನಿವೆಂಕಟಪ್ಪ ನಿಲ್ತಾರಾ?" ಎಂದೇ. ಬ್ಯಾಟು ಕೊಡದವರು ತೀರ್ಪು ಕೊಡುವ ಅಧಿಕಾರ ಕೊಟ್ಟರು. ಅದಕ್ಕೆ ನನಗೆ ಇಂದಿಗೂ ಸಿಟ್ಟಿದೆ. ಅಪ್ಪನಿಗೆ ಇರಲಿಲ್ಲ. ಇದ್ದರೂ ಮೂವತ್ತು ವರ್ಷ ಅದನ್ನು ಕೋಟಿನೊಳಗೇ ಇಟ್ಟುಕೊಂಡಿದ್ದರು.

ಆ ಚಳಿಗಾಲದ ಹೊತ್ತಿಗೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ಪಂದ್ಯದ ಬೆಳಿಗ್ಗೆ ಕೋಟನ್ನು ಇಸ್ತ್ರಿ ಮಾಡಿ ನನ್ನ ಮುಂದಿಟ್ಟರು. ನಾನಾಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಆಟದಲ್ಲಿ ನಾನು ಅಷ್ಟಕ್ಕಷ್ಟೆ, ಹನ್ನೆರಡನೆಯವನಾಗಿಯೇ ಹೆಚ್ಚು ಪಂದ್ಯ ಕಂಡವನು.

"ಕಾಣ್ಸಿದ್ದು ಕೊಡು, ಕೇಳ್ಸಿದ್ದು ಕೊಡು. ಅನುಮಾನ ಬಂದ್ರೆ ಕೊಡ್ಬೇಡ. ತಪ್ಪಾಯ್ತು ಅಂತ ಗೊತ್ತಾದ್ರೆ, ಅವ್ನು ಬೌಂಡ್ರಿ ದಾಟೋದ್ರೊಳ್ಗೆ ವಾಪಸ್ ಕರಿ. ದಾಟಿದ್ ಮೇಲೆ ಕರೆಯಂಗಿಲ್ಲ ಕಣಪ್ಪ" ಎಂದರು. ಅಷ್ಟೇ ಉಪದೇಶ.

ಆ ವರ್ಷ ನಮ್ಮ ಕ್ಲಬ್ಬಿಗೆ ಕುತ್ತಿಗೆಗೆ ಬಂದಿತ್ತು. ಲೀಗಿನಲ್ಲಿ ಕೊನೆಯಲ್ಲಿ ಉಳಿಯುವ ತಂಡ ಹೊರಗೆ ಹೋಗುತ್ತಿತ್ತು. ಲೀಗಿನಲ್ಲಿದ್ದರೆ ಮಾತ್ರ ಶಾಲೆಯವರು ಭಾನುವಾರಗಳಂದು ನಮಗೆ ಮೈದಾನ ಬಿಡುತ್ತಿದ್ದರು. ಲೀಗು ಹೋದರೆ ಮೈದಾನ ಹೋಯಿತು, ಮೈದಾನ ಹೋದರೆ ಕ್ಲಬ್ಬು ಹೋಯಿತು. ಇದು ನಮ್ಮ ಹನ್ನೊಂದು ಜನಕ್ಕೂ ಗೊತ್ತಿತ್ತು. ಕ್ಯಾಪ್ಟನ್ ನಾರಾಯಣ ರೆಡ್ಡಿಯವರಿಗಂತೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದು ಅವರ ಹೆಂಡತಿಯೇ ಹೇಳಿದ್ದರು. ರೆಡ್ಡಿಯವರು ದಿಬ್ಬೂರಹಳ್ಳಿ ಕಡೆಯವರು, ಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ. ನಲವತ್ತೈದು ದಾಟಿದ್ದರೂ ಸ್ಲಿಪ್ಪಿನಲ್ಲಿ ಬಿಟ್ಟ ಕ್ಯಾಚಿಗೆ ಎಳೆ ಹುಡುಗರನ್ನು ಬೈಯುವಂತೆ ತಮ್ಮನ್ನೇ ಬೈದುಕೊಳ್ಳುವ ಮನುಷ್ಯ.

ಮೊದಲ ಎರಡು ಪಂದ್ಯ ಸೋತೆವು. ಮೂರನೆಯದನ್ನು ಗೆದ್ದದ್ದು ನಯಾಜನಿಂದ. ನಯಾಜ್ ನನ್ನ ಶಾಲೆಯ ಜೊತೆಗಾರ. ಮನೆಯ ಹಿಂದೆಯೇ ಅವನ ಫಿಲೇಚರ್ ಇತ್ತು. ನಸುಕಿಗೆ ಎದ್ದು ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವುದು, ಭಾನುವಾರ ಎಂಟು ಗಂಟೆಗೆ ಮೈದಾನಕ್ಕೆ ಬರುವುದು. ಮೈಗೆಲ್ಲ ಬೆಂದ ಹುಳುವಿನ ವಾಸನೆ. ಎದುರಿನ ಕೀಪರುಗಳು ಮೂಗು ಮುಚ್ಚಿಕೊಂಡು ತಮಾಷೆ ಮಾಡಿದರೆ, "ಮೂಗು ಮುಚ್ಕೊಂಡ್ರೆ ಕ್ಯಾಚ್ ಹೆಂಗ್ ಹಿಡೀತೀಯಪ್ಪಾ?" ಎನ್ನುತ್ತಿದ್ದ. ಆ ಚಳಿಗಾಲ ಅವನ ಬ್ಯಾಟಿಗೆ ತಡೆಯೇ ಇರಲಿಲ್ಲ. ಕ್ಲಬ್ಬು ಅವನೊಬ್ಬನ ಹೆಗಲ ಮೇಲೆ ನಡೆಯುತ್ತಿತ್ತು.

ನಾಲ್ಕನೆಯ ಪಂದ್ಯ ಚಿಂತಾಮಣಿಯಲ್ಲಿ. ಅಲ್ಲಿ ಅವರು ಬ್ಯಾಟ್ ಮಾಡುವಾಗ ಅವರ ಅಂಪೈರುಗಳು ಮೂರು ಸಲ, ಬೇಲಿಯ ಆಚೆಯಿಂದ ನೋಡುವವರಿಗೂ ಔಟೆಂದು ಗೊತ್ತಾಗುವಂಥದ್ದಕ್ಕೆ, ತಲೆ ಅಲ್ಲಾಡಿಸಿಬಿಟ್ಟರು. ಸೋತು ಟೆಂಪೋದಲ್ಲಿ ವಾಪಸ್ಸಾಗುವಾಗ ರೆಡ್ಡಿಯವರು ನನ್ನ ಪಕ್ಕಕ್ಕೆ ಬಂದು ಕೂತರು.

"ಏಮಪ್ಪಾ ಗೌತಮ, ಅವ್ರು ಮೂರು ಜನನ್ನ ನುಂಗ್ಬಿಟ್ರು. ಇನ್ ಎರಡು ಮ್ಯಾಚ್ ಐತೆ. ನೀನೂ ಸ್ವಲ್ಪ ನೋಡ್ಕೊಂಡ್ ಹೋಗ್ಬಾರ್ದಾ?"

"ಏನ್ ನೋಡ್ಕೋಬೇಕು ರೆಡ್ಡಿ ಸಾರ್?"

"ಏನೂ ಇಲ್ಲಪ್ಪ. ಬೆರಳು ಸ್ವಲ್ಪ ಭಾರ ಮಾಡ್ಕೊ ಅಂದೆ, ಅಷ್ಟೆ."

"ಅದಕ್ಕೆ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ. ಆ ಕೋಟು ನಮ್ಮಪ್ಪಂದು" ಎಂದೆ.

ಟೆಂಪೋದಲ್ಲಿದ್ದವರೆಲ್ಲ ಕೇಳಿಸಿಕೊಳ್ಳಲಿ ಎಂದೇ ಜೋರಾಗಿ ಹೇಳಿದ್ದೆ. ನಯಾಜ್ ಮುಂದಿನ ಸೀಟಿನಿಂದ ತಿರುಗಿ ನೋಡಿ ನಕ್ಕ. ರೆಡ್ಡಿಯವರು ಮುಖ ಗಂಟಿಕ್ಕಿಕೊಂಡು ಕಿಟಕಿಯಾಚೆ ನೋಡತೊಡಗಿದರು. ನನಗೆ ಒಳಗೊಳಗೇ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆ ಎಷ್ಟು ಕೆಟ್ಟದ್ದು ಎನ್ನುವುದು ತಿಳಿಯಲು ಎರಡು ವಾರ ಸಾಕಾಯಿತು.

ಐದನೆಯದನ್ನು ಹೇಗೋ ಗೆದ್ದೆವು. ಕೊನೆಯ ಪಂದ್ಯ ನಮ್ಮೂರಿನಲ್ಲಿ, ಗೌರಿಬಿದನೂರಿನವರ ಮೇಲೆ. ಗೆದ್ದರೆ ಉಳಿದೆವು, ಸೋತರೆ ಹೊರಗೆ.

ಹಿಂದಿನ ರಾತ್ರಿ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಬೆಳಿಗ್ಗೆ ಮಂಜು, ಮೋಡ, ಮೂಳೆ ಕೊರೆಯುವ ಗಾಳಿ. ಮ್ಯಾಟ್ ಇಟ್ಟಿದ್ದ ಶೆಡ್ಡಿನ ತಗಡು ಸೋರಿ ಮ್ಯಾಟಿನ ಒಂದು ತುದಿ ನೆನೆದುಹೋಗಿತ್ತು. ಒದ್ದೆ ಮ್ಯಾಟು ಎತ್ತುವುದೆಂದರೆ ಹೆಣ ಎತ್ತಿದಷ್ಟು ಭಾರ. ಆರು ಜನ ಎಳೆದಾಡಿ ಹಾಸುವಾಗ ಒಂದು ಕಡೆ ಪರ್ ಎಂದಿತು. ನೋಡಿದರೆ ಒಂದು ಗೇಣು ಹರಿದಿದೆ. ಹರಿದದ್ದು ಅಂಚಿನಲ್ಲಲ್ಲ, ಚೆಂಡು ಬೀಳುವ ಜಾಗದಲ್ಲಿ, ಬಲಗೈ ಆಟಗಾರನ ಆಫ್ ಸ್ಟಂಪಿನಿಂದ ಸ್ವಲ್ಪ ಆಚೆಗೆ.

ಮ್ಯಾಟ್ ಹರಿದರೆ ದಬ್ಬಳದಲ್ಲಿ ಸುತಳಿ ಪೋಣಿಸಿ ಹೊಲಿಯಬೇಕು. ಅಂಚುಗಳನ್ನು ಬಿಟ್ಟು ನಡುವೆ ಎಲ್ಲೂ ಮೊಳೆ ಹೊಡೆಯಬಾರದು. ಇದು ಅಪ್ಪನ ಕಟ್ಟುನಿಟ್ಟು. ಆದರೆ ಅಪ್ಪ ಪೆರೇಸಂದ್ರದ ನೆಂಟರ ಮನೆಗೆ ಹೋಗಿದ್ದರು, ಮಧ್ಯಾಹ್ನಕ್ಕೆ ಬರುವುದಾಗಿ ಹೇಳಿದ್ದರು. ದಬ್ಬಳ ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ. ಗೌರಿಬಿದನೂರಿನ ವ್ಯಾನು ಆಗಲೇ ಗೇಟಿನೊಳಗೆ ಬರುತ್ತಿತ್ತು. ಉಳಿದವರು ಬಟ್ಟೆ ಬದಲಾಯಿಸಲು ಹೋದರು. ನಾನೊಬ್ಬನೇ ಕೂತು, ಹರಿದ ಎರಡು ಬಾಯನ್ನೂ ಸೇರಿಸಿ, ಒಂದು ಮೂರಿಂಚಿನ ಮೊಳೆ ಇಟ್ಟು ತಲೆ ಕಾಣದ ಹಾಗೆ ಹೊಡೆದುಬಿಟ್ಟೆ. ಕೈಯಾಡಿಸಿ ನೋಡಿದೆ, ತಲೆ ನಾರಿನೊಳಗೆ ಹೂತುಹೋಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ರೆಡ್ಡಿಯವರು ಕೂಗಾಡುತ್ತಾರೆ, ಆಟ ತಡವಾಗುತ್ತದೆ ಎಂದುಕೊಂಡೆ. ಮಳೆಯಲ್ಲಿ ಮೆತ್ತಗಾದ ನೆಲ ಮೊಳೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ ಎನ್ನುವುದು ಅಪ್ಪನಿಗೆ ಗೊತ್ತಿತ್ತು, ಗುಮಾಸ್ತನಿಗೆ ಗೊತ್ತಿರಲಿಲ್ಲ.

ಗೌರಿಬಿದನೂರಿನವರು ಮೊದಲು ಆಡಿ ನೂರಾ ನಲವತ್ತೆಂಟು ಮಾಡಿದರು. ಊಟ ಮುಗಿಸಿ ನಾನು ಕೋಟು ತೊಟ್ಟು ನಿಂತೆ. ನಮ್ಮವರು ಒಬ್ಬೊಬ್ಬರಾಗಿ ಉದುರತೊಡಗಿದರು. ರೆಡ್ಡಿಯವರು ಹದಿನೈದು ರನ್ನಿನಲ್ಲಿದ್ದಾಗ ಒಂದು ಚೆಂಡು ಅವರ ಪ್ಯಾಡಿಗೆ ಬಡಿಯಿತು. ಹತ್ತು ಜನ ಒಟ್ಟಿಗೆ ಕೂಗಿದರು. ಚೆಂಡು ಲೆಗ್ ಸ್ಟಂಪಿನಾಚೆ ಹೋಗುತ್ತಿತ್ತು, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಕೊಡಲಿಲ್ಲ. ಆ ಬೌಲರ್ ನನ್ನ ಪಕ್ಕದಲ್ಲೇ ಹಾದುಹೋಗುತ್ತಾ, ತನ್ನ ಕೀಪರಿಗೆ ಹೇಳುವಂತೆ ನನಗೆ ಹೇಳಿದ:

"ಅಪ್ಪ ಆಗಿದ್ರೆ ಕೊಟ್ಟಿರೋರು. ಮಗ ನೋಡು, ಮನೆಯೋರ್ನ ಕಾಯ್ಕೊಂಡ್ ನಿಂತವ್ನೆ."

ಆ ಮಾತು ನನ್ನ ಕಿವಿಯಲ್ಲಿ ಕಾದ ಸೀಸ ಹೊಯ್ದ ಹಾಗಾಯಿತು. ರೆಡ್ಡಿಯವರು ಮುಂದಿನ ಓವರಿನಲ್ಲೇ ಬೌಲ್ಡ್ ಆದರು, ಆದರೂ ನನ್ನ ಉರಿ ಆರಲಿಲ್ಲ. ಅದೇ ಹೊತ್ತಿಗೆ ಅಪ್ಪ ಬಂದರು. ಬೌಂಡರಿಯ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಕಾಣದ ಕಣ್ಣನ್ನು ಕಿರಿದು ಮಾಡಿ ಪಿಚ್ಚಿನ ಕಡೆ ನೋಡುತ್ತಾ ಕೂತರು. ಫೀಲ್ಡ್ ಮಾಡುತ್ತಿದ್ದ ಗೌರಿಬಿದನೂರಿನ ಇಬ್ಬರು ಹಳಬರು ಓವರಿನ ನಡುವೆಯೇ ಹೋಗಿ ಅವರ ಕೈ ಮುಟ್ಟಿ ಮಾತಾಡಿಸಿ ಬಂದರು. ನನ್ನನ್ನು ಅಂಥ ಗೌರವದಿಂದ ಯಾರೂ ಮಾತಾಡಿಸಿರಲಿಲ್ಲ.

ಒಂದು ಕಡೆ ನಯಾಜ್ ಬಂಡೆಯ ಹಾಗೆ ನಿಂತಿದ್ದ. ಅವನದು ಅರವತ್ತು ದಾಟಿತ್ತು. ಎಂಟು ವಿಕೆಟ್ ಹೋಗಿ, ಗೆಲ್ಲಲು ಇನ್ನು ಹತ್ತೇ ರನ್ನು ಬೇಕು. ಬೆಳಕು ಮಂಕಾಗುತ್ತಿತ್ತು. ಮೈದಾನದ ಸುತ್ತ ಗೂಡು ಮಾರುಕಟ್ಟೆಯಿಂದ ಬಂದವರು, ಅಂಗಡಿ ಅರ್ಧ ಮುಚ್ಚಿ ಬಂದವರು ಸೇರಿದ್ದರು. ನಯಾಜ್ ನನ್ನ ಹತ್ತಿರದ ಕೊನೆಗೆ ಬಂದಾಗ ಮೆಲ್ಲಗೆ, "ಮುಗ್ಸ್ಬಿಡ್ತೀನಿ ಕಣೋ, ಹೆದ್ರಬೇಡ" ಎಂದ. ನನ್ನ ಮುಖ ನೋಡಿದರೆ ನಾನೇ ಬ್ಯಾಟ್ ಮಾಡುತ್ತಿದ್ದವನಂತೆ ಕಾಣುತ್ತಿದ್ದಿರಬೇಕು.

ಮುಂದಿನ ಓವರು ನನ್ನ ಕಡೆಯಿಂದ. ಅದೇ ಬೌಲರ್. ಎರಡನೇ ಚೆಂಡು ಆಫ್ ಸ್ಟಂಪಿನಿಂದಾಚೆ ಬಿತ್ತು. ನಯಾಜ್ ಮುಂಗಾಲು ಹಾಕಿ ತಡೆಯಲು ಬ್ಯಾಟ್ ಇಟ್ಟ. ಟಕ್ ಎಂದು ಸದ್ದು. ಚೆಂಡು ಜಿಗಿದು ದಿಕ್ಕು ಬದಲಿಸಿ ಕೀಪರಿನ ಗ್ಲೌಸಿಗೆ ಹೋಯಿತು. ಹನ್ನೊಂದು ಜನರೂ ಕೂಗಿದರು. ಬೌಲರ್ ನನ್ನ ಮುಂದೆ ಮಂಡಿಯೂರಿ, ಕೂಗಿದ್ದು ಸಾಲದೆಂದು, "ಈಗ್ಲಾದ್ರೂ ಕೊಡ್ತೀಯಾ?" ಎಂದ.

ನನ್ನ ಬೆರಳು ಮೇಲೆ ಹೋಯಿತು. ಯೋಚನೆ ಮಾಡಿ ಎತ್ತಿದ್ದಲ್ಲ. ಮುನಿವೆಂಕಟಪ್ಪನ ಮಗ ಮನೆಯವರನ್ನು ಕಾಯುವವನಲ್ಲ ಎಂದು ಇಡೀ ಮೈದಾನಕ್ಕೆ ತೋರಿಸಲು ಎತ್ತಿದ್ದು.

ನಯಾಜ್ ಒಂದು ಸಲ ಬ್ಯಾಟಿನ ಅಂಚು ನೋಡಿಕೊಂಡ. ಒಂದು ಸಲ ನನ್ನನ್ನು ನೋಡಿದ. ಅಂಪೈರಿಗೆ ಎದುರು ಮಾತಾಡಬಾರದು ಎನ್ನುವುದು ನಮ್ಮ ಕ್ಲಬ್ಬಿನ ಹಳೇ ಕಟ್ಟಳೆ. ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ.

ಆಗ ನನಗೆ ಬೆಳಿಗ್ಗೆಯ ಮೊಳೆ ನೆನಪಾಯಿತು. ಕ್ರೀಸ್ ನೋಡುವವನಂತೆ ಪಿಚ್ಚಿನ ಉದ್ದಕ್ಕೂ ನಡೆದೆ. ಮೊಳೆಯ ತಲೆ ಅರ್ಧ ಇಂಚು ಮೇಲೆದ್ದು ನಿಂತಿತ್ತು. ಅದರ ಮೇಲೆ ಚೆಂಡಿನ ಕೆಂಪು ಬಣ್ಣ ಹಸಿಹಸಿಯಾಗಿ ಹತ್ತಿತ್ತು. ಸದ್ದು ಬ್ಯಾಟಿನದಲ್ಲ.

ತಲೆಯೆತ್ತಿ ನೋಡಿದೆ. ನಯಾಜ್ ಇನ್ನೂ ಬೌಂಡರಿ ದಾಟಿರಲಿಲ್ಲ. ಮೂವತ್ತು ಹೆಜ್ಜೆ ಇದ್ದೀತು. ಅವನು ಯಾವತ್ತೂ ಬೇಗ ನಡೆದವನಲ್ಲ, ಅವತ್ತಂತೂ ಇನ್ನೂ ನಿಧಾನ. ನಾನು ಅವನ ಹೆಸರು ಕೂಗಿದ್ದರೆ ಸಾಕಿತ್ತು. ಆದರೆ ಕೂಗಿದರೆ ಏನು ಹೇಳಬೇಕು? ನಾನೇ ಹೊಡೆಯಬಾರದ ಜಾಗದಲ್ಲಿ ಮೊಳೆ ಹೊಡೆದೆ ಎನ್ನಬೇಕು. ಗೆಲ್ಲಲು ಹತ್ತು ರನ್ನು ಇರುವಾಗ ನಮ್ಮದೇ ಆಟಗಾರನನ್ನು ನಮ್ಮದೇ ಅಂಪೈರು ವಾಪಸ್ ಕರೆದರೆ ಗೌರಿಬಿದನೂರಿನವರು ನಗುತ್ತಾರೆ. ಮುನಿವೆಂಕಟಪ್ಪನ ಮಗ ಕೊನೆಗೂ ತನ್ನ ಬಣ್ಣ ತೋರಿಸಿದ ಎನ್ನುತ್ತಾರೆ. ಅಪ್ಪ ಅಲ್ಲೇ ಕೂತಿದ್ದಾರೆ. ಇಪ್ಪತ್ತು ಹೆಜ್ಜೆ. ಹತ್ತು.

ಆಗ ನಾನು ಮಾಡಿದ್ದನ್ನು ಹೋದ ತಿಂಗಳವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮೊಳೆಯ ಮೇಲೆ ಬಲಗಾಲಿನ ಹಿಮ್ಮಡಿ ಇಟ್ಟು ಮೈಭಾರ ಬಿಟ್ಟು ಒತ್ತಿದೆ. ಅದು ಮೆತ್ತಗೆ ಒಳಗೆ ಹೋಯಿತು. ನಯಾಜ್ ಬೌಂಡರಿ ದಾಟಿದ. ನಾನು ವಾಪಸ್ ಬಂದು, "ನೆಕ್ಸ್ಟ್ ಬ್ಯಾಟ್ಸ್‌ಮನ್" ಎಂದು ಕೂಗಿದೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ ಎನ್ನುವುದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಯ ಜೋಡಿ ನಾಲ್ಕು ರನ್ನು ಮಾಡಿ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೌರಿಬಿದನೂರಿನ ಬೌಲರ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಬೇಜಾರ್ ಮಾಡ್ಕೋಬೇಡಿ ಸಾರ್, ಬಾಯಿಗ್ ಬಂದಂಗೆ ಮಾತಾಡ್ದೆ. ನೀವು ಅಪ್ಪನ ಮಗಾನೇ" ಎಂದ. ಬೆಳಿಗ್ಗೆಯಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಅದು ಕಿವಿಗೆ ಬಿದ್ದಾಗ ಕೈ ಬಿಡಿಸಿಕೊಂಡು ಕೋಟಿನ ಗುಂಡಿ ಬಿಚ್ಚತೊಡಗಿದೆ.

ರೆಡ್ಡಿಯವರು ಮರದ ಕೆಳಗೆ ಪ್ಯಾಡನ್ನೂ ಬಿಚ್ಚದೆ ನಿಂತಿದ್ದರು. ನಾವೆಲ್ಲ ಸೇರಿದಾಗ ನಯಾಜನನ್ನು ಕೇಳಿದರು: "ನಿಜ ಹೇಳಪ್ಪ. ಬ್ಯಾಟ್‌ಗೆ ತಾಗ್ತಾ?"

ನಯಾಜ್ ನನ್ನ ಕಡೆ ನೋಡಲಿಲ್ಲ. ನನ್ನ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿದ.

"ತಾಗ್ತು ರೆಡ್ಡಿ ಸಾರ್" ಎಂದ.

"ಹೊರ್ಗಡೆ ಹೋಗೋ ಬಾಲ್‌ಗೆ ಯಾಕಪ್ಪಾ ಬ್ಯಾಟ್ ಕೊಟ್ಟೆ? ಹತ್ತು ರನ್ನು, ಹತ್ತೇ ರನ್ನು!" ಎಂದು ರೆಡ್ಡಿಯವರು ಹಣೆ ಹಣೆ ಚಚ್ಚಿಕೊಂಡರು.

ಮನೆಗೆ ನಡೆದು ಬರುವಾಗ ಅಪ್ಪ ನನ್ನ ತೋಳು ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ಕೇಳಿದರು, "ಕೇಳ್ಸ್ತೇನಪ್ಪಾ ಸದ್ದು?"

"ಕೇಳ್ಸ್ತಪ್ಪ" ಎಂದೆ. ಅದು ಸುಳ್ಳಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಮತ್ತೆಂದೂ ಹೇಳಿಲ್ಲ.

"ಸರಿ ಬಿಡು ಹಂಗಾದ್ರೆ" ಎಂದರು ಅಪ್ಪ. ನಾಲ್ಕು ವರ್ಷದ ಹಿಂದೆ ತೀರಿಹೋದರು. ಅಷ್ಟೂ ವರ್ಷ ಬಂದವರ ಮುಂದೆಲ್ಲ ತಮ್ಮ ಮಗ ಜೀವದ ಗೆಳೆಯನಿಗೇ ಬೆರಳೆತ್ತಿದ ಕಥೆ ಹೇಳಿ ಹಿಗ್ಗುತ್ತಿದ್ದರು. ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ನಾಚಿಕೊಂಡ ಎಂದುಕೊಳ್ಳುತ್ತಿದ್ದರು ಬಂದವರು.

ಲೀಗು ಹೋಯಿತು. ಮುಂದಿನ ವರ್ಷ ಮೈದಾನ ಹೋಯಿತು. ಕ್ಲಬ್ಬು ಚೆಲ್ಲಾಪಿಲ್ಲಿಯಾಯಿತು. ನನಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾದಾಗ ಬದುಕಿದೆ ಎಂದುಕೊಂಡು ಹೋದೆ. ಆದರೆ ಸಣ್ಣ ಊರಿನಲ್ಲಿ ಒಂದು ಕ್ಲಬ್ಬು ಸತ್ತರೆ ಕೊಂದವರು ಯಾರೆಂದು ಒಂದು ಹೆಸರು ಬೇಕಾಗುತ್ತದೆ. ಆ ಹೆಸರು ನಯಾಜನದಾಯಿತು. ರೆಡ್ಡಿಯವರು ಅಂಗಡಿಗೆ ಬಂದವರ ಮುಂದೆ, ಮದುವೆ ಊಟದ ಸಾಲಿನಲ್ಲಿ, ಎಲ್ಲೇ ಕ್ರಿಕೆಟ್ ಮಾತು ಬರಲಿ, "ನಮ್ ಕ್ಲಬ್ ಮುಗ್ದಿದ್ದು ನಯಾಜ್ ಪಾಷಾ ಬ್ಯಾಟ್ ಅಂಚಿಂದ" ಎನ್ನುತ್ತಿದ್ದರಂತೆ. ನಯಾಜ್ ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಟೆನಿಸ್ ಬಾಲ್ ಹುಡುಗರು ಕರೆದರೂ ಹೋಗಲಿಲ್ಲ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಅವನೇ ತಾಗಿತು ಎಂದಿದ್ದಾನಲ್ಲ, ಮೊಳೆಗೂ ತಾಗಿ ಬ್ಯಾಟಿಗೂ ತಾಗಿರಬಹುದಲ್ಲ ಎಂದು ನನಗೆ ನಾನೇ ವಕೀಲನಾಗುತ್ತಿದ್ದೆ.

ಈಗ ಹೋದ ತಿಂಗಳ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಬಸ್ ಇಳಿದು ಸೀದಾ ನಯಾಜನ ಫಿಲೇಚರಿಗೆ ಹೋದೆ. ಗೂಡು ಬೇಯುವ ಬೇಸಿನ್ನುಗಳಿಂದ ಹಬೆ ಏಳುತ್ತಿತ್ತು. ಗಡ್ಡ ಬೆಳ್ಳಗಾದ ನಯಾಜ್ ನನ್ನನ್ನು ನೋಡಿ, "ಅರೆ, ಅಂಪೈರ್ ಸಾಬ್! ಬಾಪ್ಪ ಬಾ" ಎಂದು ಕುರ್ಚಿ ಒರೆಸಿದ. ನಾನು ಕೂರಲಿಲ್ಲ. ಕೂತರೆ ಟೀ ಬರುತ್ತದೆ, ಮಕ್ಕಳ ಓದಿನ ಮಾತು ಬರುತ್ತದೆ, ನನ್ನ ಮಾತು ಮತ್ತೆ ಗಂಟಲಲ್ಲೇ ಉಳಿಯುತ್ತದೆ ಎಂದು ಗೊತ್ತಿತ್ತು.

ನಿಂತಲ್ಲೇ ಹೇಳಿದೆ. ಹರಿದ ಮ್ಯಾಟು, ಮೊಳೆ, ಟಕ್ ಎಂದ ಸದ್ದು. ಅವನು ಬೇಸಿನ್ನಿನಲ್ಲಿ ಗೂಡು ತಿರುವುತ್ತಾ ನಗುತ್ತಲೇ ಕೇಳುತ್ತಿದ್ದ.

"ನಂಗೊತ್ತಿಲ್ವೇನೋ ತಾಗಿಲ್ಲ ಅಂತ? ಒಂದೆಳೆ ನೂಲು ಹರಿದ್ರೆ ಈ ಬೆರಳಿಗೆ ಗೊತ್ತಾಗುತ್ತೆ, ಬ್ಯಾಟಿಗೆ ಬಾಲ್ ತಾಗಿದ್ರೆ ಗೊತ್ತಾಗಲ್ವಾ? ನಿಂಗೆ ಕೇಳ್ಸ್ತು, ತಪ್ಪಾಗಿ ಕೇಳ್ಸ್ತು. ಮನುಷ್ಯ ಅಂದ್ಮೇಲೆ ಆಗುತ್ತೆ. ನಿಮ್ಮಪ್ಪ ಅಲ್ಲೇ ಕೂತಿದ್ರು, ಅವ್ರ ಎದುರ್ಗೆ ನಿಮ್ ಮಗಂದು ತಪ್ಪು ಅಂತ ಹೆಂಗ್ ಹೇಳ್ಲಿ? ಅದಕ್ಕೇ ತಾಗ್ತು ಅಂದೆ. ಬಿಡು, ಹಳೇದು."

ಅಲ್ಲಿಗೆ ನಿಲ್ಲಿಸಿ ಕುರ್ಚಿಯಲ್ಲಿ ಕೂತಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ನಾನು ಹೇಳಿದೆ: "ಆಮೇಲಲ್ಲ ನಯಾಜ್, ಅವತ್ತೇ ನೋಡ್ದೆ ಮೊಳೆನ. ನೀನಿನ್ನೂ ಬೌಂಡ್ರಿ ದಾಟಿರ್ಲಿಲ್ಲ. ಕರೀಬಹುದಾಗಿತ್ತು. ಅದ್ನ ಕಾಲಲ್ಲಿ ಒತ್ಬಿಟ್ಟೆ."

ಅವನ ನಗು ನಿಂತಿತು. ಬಿಸಿನೀರಿನಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ನಮ್ ತಂಗಿ ಗಂಡ ಒಂದಿನ ಅಂದ, ನಿನ್ ಫ್ರೆಂಡು ಮ್ಯಾಚ್ ಮಾರ್ಕೊಂಡ್ನೇನೋ ಅಂತ. ಅವನ ಕಾಲರ್ ಹಿಡ್ದಿದ್ದೆ ನಾನು. ನಮ್ ತಂಗಿ ಒಂದು ವರ್ಷ ಮನೆಗ್ ಬರ್ಲಿಲ್ಲ. ಗೌತಮ ತಪ್ಪಾಗಿ ಕೇಳಿಸ್ಕೊಂಡಿರ್ಬಹುದು, ಗೊತ್ತಿದ್ದೂ ಗೊತ್ತಿದ್ದೂ ಮಾಡೋನಲ್ಲ ಅಂತ ಹೇಳಿದ್ದೆ." ಅವನ ದನಿ ಏರಲಿಲ್ಲ. "ಹನ್ನೆರಡು ವರ್ಷ ಹೇಳಿದ್ದೀನಿ ಅದ್ನ."

"ತಪ್ಪಾಯ್ತು ಕಣೋ. ಹೊಟ್ಟೆಗ್ ಹಾಕ್ಕೋ" ಎಂದೆ.

"ನನ್ ಹತ್ರ ಯಾಕ್ ಹೇಳ್ತೀಯ? ನಂಗ್ ಮೊದ್ಲೇ ಗೊತ್ತಿತ್ತು ನಾನ್ ಔಟಲ್ಲ ಅಂತ." ಗೋಡೆಯ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡ. ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದ. ಹಿಂದಿನ ಸೀಟು ತೋರಿಸಿ "ಹತ್ತು" ಎಂದ.

ಮಳೆ ಇನ್ನೂ ಸಣ್ಣಗೆ ಹನಿಯುತ್ತಿತ್ತು. ಪೇಟೆಯಲ್ಲಿ ರೆಡ್ಡಿಯವರ ಅಂಗಡಿಯ ಮುಂದೆ ನಿಲ್ಲಿಸಿದ. ಎಲ್ಲಿಗೆ ಎಂದು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ರೆಡ್ಡಿಯವರಿಗೆ ಈಗ ಅರವತ್ತರ ಹತ್ತಿರ, ಮಂಡಿ ನೋವು, ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಬೀಜ ಕೊಳ್ಳಲು ಬಂದ ನಾಲ್ಕೈದು ಜನ ರೈತರಿದ್ದರು. ಅವರು ಹೋಗಲಿ ಎಂದು ನಾನು ಬಾಗಿಲಲ್ಲಿ ತಡೆದು ನಿಂತೆ.

"ಇವ್ರ ಮುಂದೇನೇ ಹೇಳು" ಎಂದ ನಯಾಜ್. "ನನ್ ತಪ್ಪು ಅಂತ ಎಲ್ರ ಮುಂದೇನೇ ಹೇಳಿರೋದು."

ಹೇಳಿದೆ. ಎರಡನೇ ಸಲ ಹೇಳುವುದು ಸುಲಭವೆನ್ನುತ್ತಾರೆ, ಸುಳ್ಳು. ಮೊಳೆ ಒತ್ತಿದ್ದು ಹೇಳುವಾಗ ನಾಲಿಗೆ ತೊದಲಿತು. ರೈತರಿಗೆ ಏನೂ ಅರ್ಥವಾಗದೆ ನಮ್ಮ ಮೂವರ ಮುಖ ನೋಡುತ್ತಿದ್ದರು. ರೆಡ್ಡಿಯವರು ಪೂರ್ತಿ ಕೇಳಿದರು. ನನ್ನನ್ನು ಬೈಯುತ್ತಾರೆಂದು ಕಾದೆ. ನನ್ನ ಕಡೆ ನೋಡಲೇ ಇಲ್ಲ. ಸ್ಟೂಲಿನಿಂದ ಕಾಲಿಳಿಸಿ, ಗಲ್ಲಾಪೆಟ್ಟಿಗೆ ಹಿಡಿದುಕೊಂಡು ಕಷ್ಟಪಟ್ಟು ಎದ್ದು ಹೊರಗೆ ಬಂದು, ನಯಾಜನ ಮುಂದೆ ನಿಂತರು.

"ಮತ್ತೆ ನೀನು ತಾಗ್ತು ಅಂದ್ಯಲ್ಲಪ್ಪಾ?"

"ಅಂದೆ ಸಾರ್."

"ನಾನು ಇಷ್ಟ್ ವರ್ಷ ಊರೆಲ್ಲ ಆಡ್ಕೊಂಡ್ ಓಡಾಡಿದ್ನಲ್ಲ. ನಿನ್ ಮುಂದೇನೇ ಆಡಿದ್ದೀನಿ. ಒಂದಿನಾನೂ ಬಾಯ್ ಬಿಡ್ಲಿಲ್ವಲ್ಲೋ?"

ನಯಾಜ್ ಅಂಗಿಯ ಮೇಲಿನ ಮಳೆಹನಿ ಕೊಡವಿಕೊಂಡ. ರೆಡ್ಡಿಯವರು ಅವನ ಹತ್ತಿರಕ್ಕೆ ಇನ್ನೊಂದು ಹೆಜ್ಜೆ ಇಟ್ಟರು. ಆಮೇಲೆ ಬಹಳ ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದರು:

"ಇನ್ನೂ ಹತ್ತು ಬೇಕಾಗಿತ್ತು. ಬೆಳಕು ಬೇರೆ ಇರ್ಲಿಲ್ಲ. ಹೊಡೀತಿದ್ಯಾ?"

"ಹೊಡೀತಿದ್ದೆ" ಎಂದ ನಯಾಜ್, ಒಂದು ಕ್ಷಣವೂ ತಡೆಯದೆ.

"ಹೊಡೀತಿದ್ದೆ ಕಣಪ್ಪ" ಎಂದು ರೆಡ್ಡಿಯವರು ಅವನ ಭುಜ ಹಿಡಿದುಕೊಂಡರು. "ಹೊಡ್ದೇ ಬಿಡ್ತಿದ್ದೆ."

ಇಬ್ಬರೂ ಒಳಗೆ ಹೋಗಿ ಗೊಬ್ಬರದ ಚೀಲಗಳ ಮೇಲೆ ಕೂತರು. ರೆಡ್ಡಿಯವರು ಆ ಓವರಿನ ಮೊದಲ ಚೆಂಡು ಎಲ್ಲಿ ಬಿದ್ದಿತ್ತು ಎಂದು ಕೇಳುತ್ತಿದ್ದರು, ನಯಾಜ್ ಅಂಗೈ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ನನ್ನನ್ನು ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದೆ.